ಬಳಕೆದಾರರ ಪರವಾಗಿ ಒಂದು ಕುರ್ಚಿ

ಜನವರಿ ೯

ಅಂತರ್ಜಾಲ ಹೆಸರುಗಳ ಮಂಡಳಿಯ
ವ್ಯಕ್ತಿ ಬಳಕೆದಾರರ ಪ್ರತಿನಿಧಿಯವರಿಗೆ,

ಮಾನ್ಯರೇ,

ನಾನು ದರ್ಜಿ. ಗಾಲಿಕುರ್ಚಿಯಲ್ಲಿ ಕೂತಿರುವವರಿಗೆ ಸರಿಹೊಂದುವ ಬಟ್ಟೆಗಳ ನಕ್ಷೆ ಬರೆದು, ನನ್ನದೇ ಒಂದು ಪುಟ್ಟ ಜಾಲತಾಣದಲ್ಲಿ ಮಾರುತ್ತೇನೆ. ಸದಾ ಕೂತಿರುವವರ ಪ್ಯಾಂಟು ಹಿಂದೆ ಎತ್ತರ ಇರಬೇಕು, ಮುಂದೆ ತಗ್ಗಿರಬೇಕು, ಜೇಬು ತೊಡೆಯ ಮೇಲೆ ಬರಬೇಕು. ಅಂಗಡಿಯವರಿಗೆ ಇದು ಗೊತ್ತಿಲ್ಲ, ಗೊತ್ತಿದ್ದರೂ ಬೇಕಿಲ್ಲ. ಹಾಗಾಗಿ ನನಗೆ ಎಲ್ಲೆಲ್ಲಿಂದಲೋ ಗಿರಾಕಿಗಳಿದ್ದಾರೆ.

ಜಾಲತಾಣದ ಹೆಸರನ್ನು ನನಗೆ ಕೊಟ್ಟ ಕಂಪನಿಯಿಂದ ಕಳೆದ ವಾರ ನೋಟಿಸು ಬಂದಿದೆ. ನಿಮ್ಮ ಮಂಡಳಿ ಹೊಸ ನಿಯಮ ತರುತ್ತಿದೆಯಂತೆ. ಜಾಲತಾಣದಲ್ಲಿ ಏನನ್ನಾದರೂ ಮಾರುವವರ ಹೆಸರು ಮತ್ತು ಮನೆ ವಿಳಾಸ, ಜುಲೈ ಒಂದರಿಂದ, ಯಾರು ಬೇಕಾದರೂ ತೆರೆದು ನೋಡುವ ಪಟ್ಟಿಯಲ್ಲಿ ಇರಬೇಕಂತೆ. ಇಲ್ಲಿಯವರೆಗೆ ಅದು ಮುಚ್ಚಿರುತ್ತಿತ್ತು. ದೊಡ್ಡ ಕಂಪನಿಗೆ ಕೊಡಲು ಕಚೇರಿಯ ವಿಳಾಸವಿರುತ್ತದೆ. ನನಗಿರುವುದು ಒಂದು ಕೋಣೆ. ಅದರಲ್ಲೇ ಹೊಲಿಗೆ ಯಂತ್ರ, ಅದರಲ್ಲೇ ಮಗಳ ಹಾಸಿಗೆ. ಆ ವಿಳಾಸ ಒಬ್ಬ ವ್ಯಕ್ತಿಗೆ ಸಿಗಬಾರದು. ಸಿಕ್ಕರೆ ಏನಾಗುತ್ತದೆ ಎಂದು ಬರೆಯಲು ನಿಮ್ಮ ದೂರಿನ ಅರ್ಜಿಯಲ್ಲಿ ಜಾಗ ಬಿಟ್ಟಿಲ್ಲ.

ಇಲ್ಲಿಯವರೆಗೆ ಬರೆದದ್ದು ಪ್ರತಿನಿಧಿಗೆ. ಇನ್ನು ಮುಂದಿನದು ನಿಮಗೆ, ಅತ್ತೆ.

ಯಾರಿಗೆ ದೂರು ಕೊಡಬೇಕೆಂದು ಹುಡುಕುತ್ತ ಮಂಡಳಿಯ ಪುಟ ತೆರೆದೆ. ಕಂಪನಿಗಳಿಗೆ ಇಷ್ಟು ಕುರ್ಚಿ, ಸರ್ಕಾರಗಳಿಗೆ ಇಷ್ಟು, ವಕೀಲರಿಗೆ ಇಷ್ಟು. ಕಟ್ಟಕಡೆಗೆ ‘ವ್ಯಕ್ತಿ ಬಳಕೆದಾರರು’ ಎಂದು ಒಂದೇ ಒಂದು ಕುರ್ಚಿ, ಅದರ ಪಕ್ಕ ನಿಮ್ಮ ಫೋಟೋ. ಮೊದಲು ನಗು ಬಂತು. ಆಮೇಲೆ ಎಷ್ಟು ಸಿಟ್ಟು ಬಂತೆಂದರೆ ಕತ್ತರಿ ಕೆಳಗಿಟ್ಟು ಎದ್ದು ಹೋದೆ. ನನ್ನಂಥವರ ಪರವಾಗಿ ಮಾತಾಡಲು ಅಲ್ಲಿರುವುದು ಒಬ್ಬರೇ, ಅದೂ ನೀವು!

ಎರಡು ವರ್ಷ ಏಳು ತಿಂಗಳ ಹಿಂದೆ ಪೊಲೀಸರು ಕೇಳಿದಾಗ ನೀವು ಕೊಟ್ಟ ಉತ್ತರ ನನಗೆ ಅಕ್ಷರ ಅಕ್ಷರ ನೆನಪಿದೆ. ಅದನ್ನು ಇಲ್ಲಿ ಬರೆಯುವುದಿಲ್ಲ. ಗರಜು ನನ್ನದು, ಕೇಳುತ್ತಿದ್ದೇನೆ.

ಇಮೇಲ್ ಮಾಡುವ ಧೈರ್ಯವಿಲ್ಲ. ನಿಮ್ಮ ಕಂಪ್ಯೂಟರಿಗೆ ಪಾಸ್‌ವರ್ಡ್ ಹಾಕಿಕೊಟ್ಟವರು ಯಾರೆಂದು ನಮ್ಮಿಬ್ಬರಿಗೂ ಗೊತ್ತು. ಉತ್ತರ ಬರೆಯುವುದಾದರೆ, ಅಂಚೆ ಕಚೇರಿಯಲ್ಲಿ ನಾನು ಬಾಡಿಗೆಗೆ ಹಿಡಿದಿರುವ ಖಾನೆಯ ಸಂಖ್ಯೆ ಲಕೋಟೆಯ ಹಿಂದಿದೆ, ಅದಕ್ಕೆ ಬರೆಯಿರಿ.

ಇಂತಿ,
ಒಬ್ಬ ಬಳಕೆದಾರಳು


ಜನವರಿ ೨೧

ನನ್ನ ಸೊಸೆಗೆ,

ಹಾಗೆ ಕರೆಯಬಹುದೋ ಇಲ್ಲವೋ ಎಂದು ಮೂರು ಕಾಗದ ಹರಿದು ಹಾಕಿದೆ. ನಾಲ್ಕನೆಯದರಲ್ಲಿ ಕರೆದೇಬಿಟ್ಟೆ. ಅತ್ತೆಗೊಂದು ಕಾಲ, ಸೊಸೆಗೊಂದು ಕಾಲ ಅನ್ನುತ್ತಾರಲ್ಲ, ಇದು ನಿನ್ನ ಕಾಲ. ಬೈಯಬೇಕೆನಿಸಿದರೆ ಬೈ, ಓದುತ್ತೇನೆ.

ಮೊದಲು ಒಂದು ತಪ್ಪೊಪ್ಪಿಗೆ. ನೀನು ಖಾನೆಯ ಸಂಖ್ಯೆ ಮಾತ್ರ ಕೊಟ್ಟೆ, ಆದರೆ ನಾನು ಸೀಲನ್ನು ಓದಿಬಿಟ್ಟೆ. ಅಂಚೆ ಸೀಲಿನ ಕೆಳಗೆ ಸಣ್ಣದಾಗಿ ಐದು ಅಂಕಿ ಇರುತ್ತವೆ. ಮೊದಲೆರಡು ಕಚೇರಿಯದು, ಉಳಿದ ಮೂರು ಯಾವ ಬೀದಿಯ ಅಂಚೆ ಡಬ್ಬದಿಂದ ಪತ್ರ ತೆಗೆದರು ಎಂಬುದು. ಮೂವತ್ತೊಂದು ವರ್ಷ ಪತ್ರ ವಿಂಗಡಿಸಿದವಳು ನಾನು, ಬೇಡವೆಂದರೂ ಕಣ್ಣು ಓದುತ್ತದೆ. ಲಕೋಟೆಯನ್ನು ಆ ಕ್ಷಣವೇ ಒಲೆಗೆ ಹಿಡಿದು ಸುಟ್ಟೆ. ಮುಂದಿನ ಪತ್ರವನ್ನು ನಿನ್ನ ಬೀದಿಯ ಡಬ್ಬಕ್ಕೆ ಹಾಕಬೇಡ.

ನಾನು ಈ ಕುರ್ಚಿಗೆ ಬಂದ ಕಥೆ ಕೇಳಿದರೆ ನಗುತ್ತೀಯ. ನಿವೃತ್ತಿಯಾದ ಮೇಲೆ ಗ್ರಂಥಾಲಯದಲ್ಲಿ ನನ್ನ ವಯಸ್ಸಿನ ಮುದುಕ ಮುದುಕಿಯರಿಗೆ ಇಂಟರ್ನೆಟ್ ಹೇಳಿಕೊಡುತ್ತಿದ್ದೆ. ಬಳಕೆದಾರರ ಪ್ರತಿನಿಧಿಯ ಚುನಾವಣೆಗೆ ಯಾರೂ ನಿಲ್ಲಲಿಲ್ಲ ಎಂದು ಗ್ರಂಥಪಾಲಕಿ ನನ್ನನ್ನು ಮುಂದೆ ತಳ್ಳಿದಳು. ನಾನೂರ ಹನ್ನೆರಡು ಮತ ಬಿತ್ತು. ಬಳಸುವವರು ಕೋಟಿ ಕೋಟಿ, ಅವರ ಪ್ರತಿನಿಧಿಗೆ ಬಿದ್ದದ್ದು ನಾನೂರ ಹನ್ನೆರಡು. ಮಂಡಳಿಯ ವಕೀಲರೊಬ್ಬರು ಸಭೆಗೊಮ್ಮೆ ಈ ಲೆಕ್ಕವನ್ನು ನೆನಪಿಸುತ್ತಾರೆ.

ಒಟ್ಟು ಇಪ್ಪತ್ತೊಂದು ಕುರ್ಚಿ. ನನ್ನದು ನೀರಿನ ಯಂತ್ರದ ಪಕ್ಕ. ಬಾಯಾರಿದವರೆಲ್ಲ ನನ್ನ ಹೆಗಲ ಮೇಲಿಂದ ಲೋಟ ಚಾಚುತ್ತಾರೆ. ಎತ್ತು ಏರಿಗೆಳೆದರೆ ಕೋಣ ನೀರಿಗೆಳೆಯಿತು ಅನ್ನುವ ಹಾಗೆ ಕಂಪನಿಯವರು ಒಂದು ಕಡೆ, ಸರ್ಕಾರದವರು ಇನ್ನೊಂದು ಕಡೆ. ಈ ನಿಯಮದ ವಿಷಯದಲ್ಲಿ ಮಾತ್ರ ಇಬ್ಬರೂ ಒಂದಾಗಿದ್ದಾರೆ, ಕಳ್ಳ ಮಾಲು ಮಾರುವವರನ್ನು ಹಿಡಿಯಲು ವಿಳಾಸ ಬೇಕಂತೆ. ನನ್ನ ಕುರ್ಚಿಗೆ ಮತವಿಲ್ಲ, ಆಕ್ಷೇಪಿಸುವ ಹಕ್ಕಿದೆ. ಅಧ್ಯಕ್ಷರು ಮೂರು ಸಲ “ಆಕ್ಷೇಪ ಇದೆಯೇ?” ಎಂದು ಕೇಳುತ್ತಾರೆ. ಯಾರೂ ಬಾಯಿ ಬಿಡದಿದ್ದರೆ ನಿಯಮ ಪಾಸು. ಮೌನವೇ ಸಮ್ಮತಿ, ಅದು ಅಲ್ಲಿಯ ಪದ್ಧತಿ.

ನಾನು ಬಾಯಿ ಬಿಡುತ್ತೇನೆ. ಅಷ್ಟು ಮಾತು ಕೊಡುತ್ತೇನೆ.

ನನ್ನ ಮಗ ಪ್ರತಿ ಭಾನುವಾರ ಬರುತ್ತಾನೆ. ಬಲ್ಬು ಬದಲಾಯಿಸುತ್ತಾನೆ, ನನ್ನ ಮಾತ್ರೆಗಳನ್ನು ಡಬ್ಬಿಗೆ ತುಂಬಿಡುತ್ತಾನೆ. “ಅವಳ ಸುದ್ದಿ ಏನಾದ್ರೂ ಬಂತಾ?” ಎಂದು ಕೇಳುತ್ತಾನೆ. ಗೊತ್ತಿಲ್ಲ ಎನ್ನುತ್ತಿದ್ದೆ, ಅದು ನಿಜವೂ ಆಗಿತ್ತು. ಇನ್ನು ಮೇಲೆ ಸುಳ್ಳು ಹೇಳಬೇಕು. ಹೇಳುತ್ತೇನೆ.

ನನ್ನ ಮೊಮ್ಮಗಳು, ನಮ್ಮ ಜೀರುಂಡೆ ಹೇಗಿದ್ದಾಳೆ? ಈಗಲೂ ಹಾಗೇ ಮಾತಾಡುತ್ತಾಳೆಯೇ?

ಇಂತಿ ನಿನ್ನ,
ಅತ್ತೆ


ಫೆಬ್ರವರಿ ೩

ಅತ್ತೆ,

ನಿಮ್ಮ ಪತ್ರವನ್ನು ಎರಡು ಸಲ ಓದಿದೆ. ‘ಮೌನವೇ ಸಮ್ಮತಿ, ಅದು ಅಲ್ಲಿಯ ಪದ್ಧತಿ’ ಎಂದು ಬರೆದಿದ್ದೀರಿ. ಅಲ್ಲಿಯದು ಮಾತ್ರವಲ್ಲ, ನಿಮ್ಮ ಮನೆಯ ಪದ್ಧತಿಯೂ ಅದೇ ಆಗಿತ್ತು. ಮನೆಗೆ ಮಾರಿ, ಊರಿಗೆ ಉಪಕಾರಿ ಎಂಬ ಮಾತು ನೆನಪಾಯಿತು. ಬೈ ಅಂದಿರಿ, ಬೈದಿದ್ದೇನೆ. ಇನ್ನು ವಿಷಯಕ್ಕೆ ಬರುತ್ತೇನೆ.

ಜಾಲತಾಣ ಬಿಟ್ಟುಬಿಡು, ಬೇರೆಯವರ ಅಂಗಡಿಯಲ್ಲಿ ಕೂತು ಹೊಲಿ ಎಂದು ಇಲ್ಲಿನ ಗೆಳತಿ ಹೇಳುತ್ತಾಳೆ. ಆಗುವುದಿಲ್ಲ. ಬಲಗೈಯ ಎರಡು ಬೆರಳು ಇನ್ನೂ ಮಡಚುವುದಿಲ್ಲ, ಮುಂದೆಯೂ ಮಡಚುವುದಿಲ್ಲ ಎಂದು ಡಾಕ್ಟರು ಹೇಳಿಯಾಗಿದೆ. ಗಂಟೆಗೆ ಇಷ್ಟು ಅಂಗಿ ಎಂದು ಎಣಿಸುವ ಕಡೆ ನನ್ನನ್ನು ಯಾರು ಇಟ್ಟುಕೊಳ್ಳುತ್ತಾರೆ? ಎಡಗೈಯಲ್ಲಿ ನಿಧಾನವಾಗಿ ನಕ್ಷೆ ಬರೆಯಬಲ್ಲೆ. ನಿಧಾನ ಮಾಡಿದ್ದಕ್ಕೆ ಜಾಲತಾಣದಲ್ಲಿ ಯಾರೂ ಬೈಯುವುದಿಲ್ಲ. ಆ ಹೆಸರು ಹೋದರೆ ನನ್ನ ಕೈ ಹೋದ ಹಾಗೆ, ಉಳಿಸಿಕೊಂಡರೆ ವಿಳಾಸ ಬಯಲಾಗುತ್ತದೆ. ಎರಡರಲ್ಲಿ ಒಂದು ಆರಿಸಿಕೋ ಎಂದು ನಿಮ್ಮ ಮಂಡಳಿ ಹೇಳುತ್ತಿದೆ.

ಜೀರುಂಡೆಗೆ ಏಳು ತುಂಬಿತು. ಮಾತು ನಿಂತಿಲ್ಲ. ಮೊನ್ನೆ ಶಾಲೆಯಲ್ಲಿ ಮನೆಯ ವಿಳಾಸ ಬರೆಯಿರಿ ಎಂದರಂತೆ, ಇವಳು ಎದ್ದು ನಿಂತು “ಅದು ಗುಟ್ಟು ಮಿಸ್” ಅಂದಳಂತೆ. ಟೀಚರ್ ನನ್ನನ್ನು ಕರೆಸಿ ಕೇಳಿದರು. ಏನೋ ಒಂದು ಹೇಳಿ ಬಂದೆ.

ಈ ಪತ್ರವನ್ನು ಬಟ್ಟೆ ತರಲು ಹೋಗುವ ಊರಿನಲ್ಲಿ ಹಾಕುತ್ತೇನೆ.

ಇಂತಿ,
ಬಳಕೆದಾರಳು


ಫೆಬ್ರವರಿ ೧೭

ಸೊಸೆಗೆ,

ಗುಟ್ಟು ಮಿಸ್! ಓದಿ ನಕ್ಕೆ, ನಕ್ಕು ಮುಗಿಯುವ ಮೊದಲೇ ಅಳು ಬಂತು. ಏಳು ವರ್ಷದ ಮಗುವಿನ ಬಾಯಲ್ಲಿ ಬರುವ ಮಾತೇ ಅದು?

ಮೊನ್ನೆ ಪೂರ್ವಭಾವಿ ಸಭೆ ಇತ್ತು. ನಾನು ಎದ್ದು, “ಬಳಕೆದಾರರಿಗೆ ಇದರಿಂದ ತೊಂದ್ರೆ ಆಗುತ್ತೆ” ಅಂದೆ. ನಾನೂರ ಹನ್ನೆರಡರ ವಕೀಲರು ಕನ್ನಡಕ ತೆಗೆದರು.

“ಯಾವ ಬಳಕೆದಾರರು ತಾಯಿ? ನೀವು ಯಾವಾಗ್ಲೂ ಬಳಕೆದಾರರು, ಬಳಕೆದಾರರು ಅಂತೀರಿ. ನಮಗೆ ಒಬ್ಬರನ್ನಾದ್ರೂ ತೋರಿಸಿ.”

“ಭಯ ಇರೋರು ಇಲ್ಲಿ ಬಂದು ನಿಂತ್ಕೊಳ್ತಾರಾ ಸ್ವಾಮಿ?” ಅಂದೆ.

“ಹಾಗಾದ್ರೆ ಬರೆದುಕೊಡಲಿ. ನಿಯಮ ನೀವೇ ಮಾಡಿಸಿದ್ದಲ್ವಾ?”

ಹೌದು, ನಾನೇ ಮಾಡಿಸಿದ್ದು. ಹೋದ ವರ್ಷ ಒಂದು ಕಂಪನಿ ಸಾವಿರಾರು ‘ಬಳಕೆದಾರರ’ ಇಮೇಲ್ ತರಿಸಿತು. ನೋಡಿದರೆ ಎಲ್ಲವನ್ನೂ ಒಬ್ಬನೇ ಕೂತು ಬರೆದಿದ್ದ. ಆಗ ನಾನು ಹಟ ಹಿಡಿದೆ. ಬಳಕೆದಾರರ ಹೇಳಿಕೆ ಕಾಗದದಲ್ಲಿ ಬರಬೇಕು, ಅಂಚೆಯಲ್ಲಿ ಬರಬೇಕು, ಸೀಲಿರುವ ಲಕೋಟೆ ಜೊತೆಗಿರಬೇಕು ಎಂದೆ. ಅಂಚೆ ಸೀಲಿನಷ್ಟು ನಂಬಿಕಸ್ಥ ವಸ್ತು ಇನ್ನೊಂದಿಲ್ಲ ಎಂದು ಭಾಷಣವನ್ನೇ ಬಿಗಿದೆ. ಚಪ್ಪಾಳೆಯೂ ಬಿತ್ತು. ಅದಕ್ಕೂ ಹಿಂದೆ, ಮೇಜಿಗೆ ಬಂದ ಕಾಗದವೆಲ್ಲ ಬಂದ ಹಾಗೆಯೇ ಅವತ್ತೇ ಜಾಲತಾಣದಲ್ಲಿ ಪ್ರಕಟವಾಗಬೇಕು ಎಂದು ಮಾಡಿಸಿದವಳೂ ನಾನೇ. ಮುಚ್ಚಿದ ಬಾಗಿಲ ಹಿಂದೆ ಅವರವರೇ ಮಾತಾಡಿಕೊಳ್ಳಬಾರದು ಎಂಬುದು ನನ್ನ ಆಸೆಯಾಗಿತ್ತು.

ಈಗ ನಿನ್ನಿಂದ ಒಂದು ಪತ್ರ ಬೇಕು. ನಿನ್ನ ಮಾತಿನಲ್ಲಿ, ನಿನ್ನ ಎಡಗೈ ಅಕ್ಷರದಲ್ಲಿ. ಮೇಜಿಗೆ ಕೊಡುವ ಮೊದಲು ಹೆಸರು, ಊರು, ಖಾನೆಯ ಸಂಖ್ಯೆ ಎಲ್ಲದರ ಮೇಲೆ ನಾನೇ ಕಾಗದದ ಪಟ್ಟಿ ಅಂಟಿಸುತ್ತೇನೆ. ಮಾರ್ಚ್ ಹತ್ತರೊಳಗೆ ನನ್ನ ಕೈಗೆ ಸೇರಬೇಕು, ಹದಿನೇಳಕ್ಕೆ ಸಭೆ. ಕೇಳುವ ಮುಖ ನನಗಿಲ್ಲ. ಆದರೂ ಕೇಳುತ್ತಿದ್ದೇನೆ.

ನಿನ್ನ,
ಅತ್ತೆ


ಮಾರ್ಚ್ ೬

ಅತ್ತೆ,

ಜೊತೆಯಲ್ಲಿ ಹೇಳಿಕೆ ಇದೆ. ಹನ್ನೊಂದು ಸಲ ಬರೆದೆ. ಮೊದಲ ಹತ್ತರಲ್ಲಿ ನಿಮ್ಮ ಮಗ ಬರುತ್ತಿದ್ದರು. ಹನ್ನೊಂದನೆಯದರಲ್ಲಿ ಅವರನ್ನು ತೆಗೆದು ಹಾಕಿ ಕೋಣೆಯನ್ನು ಮಾತ್ರ ಬರೆದಿದ್ದೇನೆ. ಬಾಗಿಲಿಗೆ ಮೂರು ಚಿಲಕ ಇರುವುದು, ಪಾರ್ಸೆಲ್ಲಿನ ಮೇಲೆ ಕಳಿಸಿದವರ ಹೆಸರಿನ ಜಾಗ ಖಾಲಿ ಬಿಡುವುದು, ಮಗಳಿಗೆ ವಿಳಾಸವನ್ನು ಕಲಿಸುವ ಮೊದಲು ಅದನ್ನು ಹೇಳಬಾರದೆಂದು ಕಲಿಸಿದ್ದು. ಕೊನೆಯಲ್ಲಿ ಹೀಗೆ ಬರೆದಿದ್ದೇನೆ: “ನಾನು ಏನನ್ನೂ ಕದ್ದಿಲ್ಲ. ಕಳ್ಳರನ್ನು ಹಿಡಿಯಲು ನನ್ನ ಬಾಗಿಲನ್ನೇ ಏಕೆ ತೆರೆಯುತ್ತೀರಿ?” ಅದು ಜೋರಾಯಿತು ಅನಿಸಿದರೆ ಹೇಳಿ. ಆದರೆ ತೆಗೆಯಬೇಡಿ.

ಬೇರೆ ಊರಿನಲ್ಲಿ ಹಾಕಬೇಕೆಂದಿದ್ದೆ. ಜೀರುಂಡೆಗೆ ನಾಲ್ಕು ದಿನದಿಂದ ಜ್ವರ, ಅವಳನ್ನು ಬಿಟ್ಟು ಬಸ್ಸು ಹತ್ತುವ ಹಾಗಿಲ್ಲ. ನಿಮ್ಮ ಹತ್ತನೇ ತಾರೀಖು ಹತ್ತಿರ ಬಂತು. ಮೂಲೆಯ ಡಬ್ಬಕ್ಕೇ ಹಾಕುತ್ತಿದ್ದೇನೆ. ನೀವು ಮುಚ್ಚುತ್ತೀರಲ್ಲ, ಆ ಧೈರ್ಯ. ಆ ಐದು ಅಂಕಿಗಳನ್ನು ಮರೆಯಬೇಡಿ.

ನಿಮ್ಮನ್ನು ನಂಬುತ್ತಿದ್ದೇನೆ ಎಂದು ಬರೆಯಲು ಹೋಗಿ ಹೊಡೆದುಹಾಕಿದೆ. ಪತ್ರ ಹಾಕಿದರೆ ನಂಬಿದ ಹಾಗೇ ಆಯಿತಲ್ಲ.

ಇಂತಿ,
ಸೊಸೆ


ಮಾರ್ಚ್ ೧೯

ನನ್ನ ಬಂಗಾರದಂಥ ಸೊಸೆಗೆ,

ಗೆದ್ದೆವು!

ಅಧ್ಯಕ್ಷರು ಮೊದಲ ಸಲ “ಆಕ್ಷೇಪ ಇದೆಯೇ?” ಅಂದರು. ಎದ್ದೆ. ನೀರಿನ ಯಂತ್ರವನ್ನೇ ಹಿಡಿದುಕೊಂಡೆ. ನಿನ್ನ ಪತ್ರ ಓದಿದೆ. ಮೂರು ಚಿಲಕದ ಹತ್ತಿರ ಬರುವಷ್ಟರಲ್ಲಿ ಲೋಟ ಹಿಡಿದು ನನ್ನ ಹಿಂದೆ ನಿಂತಿದ್ದವರು ನೀರು ಬಗ್ಗಿಸುವುದನ್ನು ನಿಲ್ಲಿಸಿದರು. ಕೊನೆಯ ಸಾಲನ್ನು ನೀನು ಬರೆದಷ್ಟೇ ಜೋರಾಗಿ ಓದಿದೆ. ಸರ್ಕಾರದ ಕಡೆಯ ಹೆಂಗಸೊಬ್ಬಳು ಮೈಕು ಒತ್ತಿ, “ನಮ್ಮ ಬೆಂಬಲ ವಾಪಸ್ ತಗೋತೀವಿ” ಅಂದಳು. ಆಮೇಲೆ ಒಬ್ಬರ ಹಿಂದೆ ಒಬ್ಬರು. ನಿಯಮ ಬಿತ್ತು. ವಿಳಾಸಗಳು ಈಗಿರುವಂತೆ ಮುಚ್ಚಿಯೇ ಇರುತ್ತವೆ, ನಿನ್ನದೊಂದೇ ಅಲ್ಲ, ಎಲ್ಲರದೂ.

ಮಧ್ಯೆ ಕಾರ್ಯದರ್ಶಿಯ ಮೇಜಿನ ಹತ್ತಿರ ಒಂದು ಸಣ್ಣ ಅಡಚಣೆ ಬಂತು. ನಿಭಾಯಿಸಿದೆ. ಅದನ್ನು ಬಿಡು.

ವಕೀಲರು ಹೋಗುವಾಗ ನನ್ನ ಕುರ್ಚಿಯ ಹತ್ತಿರ ನಿಂತು, “ಇವತ್ತು ಒಬ್ಬರನ್ನ ತೋರಿಸಿದ್ರಿ” ಅಂದರು. ಮನೆಗೆ ಬಂದು ಒಬ್ಬಳೇ ಕೂತು ಅತ್ತುಬಿಟ್ಟೆ. ನನ್ನ ಬಾಳಿನಲ್ಲಿ ಒಂದು ಸಲ, ಮಾತಾಡಬೇಕಾದ ಜಾಗದಲ್ಲಿ ಮಾತಾಡಿದೆ ಅನಿಸಿತು.

ಜ್ವರ ಇಳಿಯಿತೇ? ಜೀರುಂಡೆಯ ಒಂದು ಫೋಟೋ ಕೇಳಲೇ? ಬೇಡವಾದರೆ ಬೇಡ.

ನಿನ್ನ,
ಅತ್ತೆ


ಮಾರ್ಚ್ ೨೭

ಅವರು ಬಂದಿದ್ದರು.

ನಿನ್ನೆ ಮಧ್ಯಾಹ್ನ ಕಿಟಕಿಯ ಹತ್ತಿರ ಇಸ್ತ್ರಿ ಮಾಡುತ್ತಿದ್ದೆ. ಮೂಲೆಯ ಅಂಚೆ ಡಬ್ಬದ ಹತ್ತಿರ ಒಬ್ಬರು ಬಗ್ಗಿ ಅದರ ಹೊಟ್ಟೆಯ ಮೇಲೆ ಬರೆದ ಅಂಕಿ ಓದುತ್ತಿದ್ದರು. ಬೆನ್ನು ನೋಡಿಯೇ ಗೊತ್ತಾಯಿತು. ಡಬ್ಬದ ಮೇಲೆ ಕೈಯಿಟ್ಟುಕೊಂಡು ಮನೆಗಳನ್ನು ಒಂದೊಂದಾಗಿ ನೋಡುತ್ತ ನಿಂತರು. ಅವಸರವೇ ಇರಲಿಲ್ಲ. ಆಮೇಲೆ ಗುಂಡಿ ದಾರ ಮಾರುವ ಅಂಗಡಿಗೆ ಹೋಗಿ ಫೋನಿನಲ್ಲಿ ನನ್ನ ಫೋಟೋ ತೋರಿಸಿದರಂತೆ. ಅಂಗಡಿಯಾಕೆ, “ನಮ್ಮ ಕಡೆಯವರಲ್ಲ” ಅಂದಳಂತೆ. ಅವಳಿಗೆ ನಾನು ಏನನ್ನೂ ಹೇಳಿರಲಿಲ್ಲ, ಅವಳೇ ಅರ್ಥಮಾಡಿಕೊಂಡಳು.

ಜೀರುಂಡೆಯನ್ನು ಶಾಲೆಯ ಹಿಂದಿನ ಗೇಟಿನಿಂದ ಕರೆದುಕೊಂಡು ಹೊರಟೆ. ಹೊಲಿಗೆ ಯಂತ್ರ ಅಲ್ಲೇ ಉಳಿಯಿತು. ಅವಳು ದಾರಿಯುದ್ದಕ್ಕೂ ಒಂದು ಮಾತೂ ಆಡಲಿಲ್ಲ, ಅತ್ತೆ. ಒಂದೂ ಆಡಲಿಲ್ಲ.

ಮಂಡಳಿಯ ಪುಟ ತೆರೆದು ಲಕೋಟೆಯ ಚಿತ್ರ ನೋಡಿದೆ. ಹೆಸರು ಮುಚ್ಚಿದ್ದೀರಿ. ಊರು ಮುಚ್ಚಿದ್ದೀರಿ. ಅಂಕಿಗಳು ಹಾಗೇ ಇವೆ. ನಾನು ಬರೆದು ಹೇಳಿದ್ದೆ.

ಈ ಖಾನೆಯನ್ನು ಬಿಡುತ್ತಿದ್ದೇನೆ. ಉತ್ತರ ಬೇಡ.


ಏಪ್ರಿಲ್ ೨

(ಈ ಪತ್ರ ‘ಖಾನೆ ಬಿಡಲಾಗಿದೆ’ ಎಂಬ ಮುದ್ರೆಯೊಂದಿಗೆ ಹಿಂದಿರುಗಿತು.)

ಮಗಳೇ,

ಉತ್ತರ ಬೇಡ ಎಂದಿದ್ದೀಯ. ಇದು ನಿನಗೆ ಸಿಗುವುದಿಲ್ಲ ಎಂದೂ ಗೊತ್ತು. ಕೋಟೆ ಕೊಳ್ಳೆ ಹೋದ ಮೇಲೆ ದಿಡ್ಡಿ ಬಾಗಿಲು ಹಾಕುತ್ತಿದ್ದೇನೆ.

ಅಂಕಿಗಳ ಮೇಲೂ ಪಟ್ಟಿ ಅಂಟಿಸಿದ್ದೆ, ದೇವರಾಣೆ. ಸಭೆಗೆ ಹತ್ತು ನಿಮಿಷ ಇರುವಾಗ ಕಾರ್ಯದರ್ಶಿ ಲಕೋಟೆ ತಿರುಗಿಸಿ ನೋಡಿ, “ಊರು ಮುಚ್ಚಿದ್ರೂ ಸೀಲಿನ ಅಂಕಿ ಕಾಣ್ಬೇಕಮ್ಮ, ಇಲ್ದಿದ್ರೆ ಇದು ಲೆಕ್ಕಕ್ಕೆ ಬರಲ್ಲ. ನಿಮ್ಮದೇ ನಿಯಮ” ಅಂದ. ಗಂಟೆ ಹೊಡೆಯಿತು. ವಕೀಲರು ಒಳಗೆ ಹೋಗುತ್ತ ನನ್ನ ಕಡೆ ನೋಡಿ ನಕ್ಕರು. ಈ ಅಂಕಿ ಯಾರಿಗೆ ಅರ್ಥವಾಗುತ್ತದೆ, ಈಗಿನ ಹುಡುಗರಿಗೆ ವಿಂಗಡಿಸಲು ಯಂತ್ರವಿದೆ, ನನ್ನ ಕಾಲದವರಲ್ಲಿ ಅರ್ಧ ಜನ ಸತ್ತಿದ್ದಾರೆ ಎಂದುಕೊಂಡೆ. ಉಗುರಿನಿಂದ ಪಟ್ಟಿ ಕಿತ್ತೆ. ನಿನಗೆ ಬರೆದ ಪತ್ರದಲ್ಲಿ ಅದನ್ನೇ ‘ಸಣ್ಣ ಅಡಚಣೆ’ ಎಂದೆ. ಗೆಲ್ಲುವ ಆಸೆ ಇತ್ತು ನನಗೆ. ಎಲ್ಲರನ್ನೂ ಉಳಿಸುತ್ತೇನೆ ಎಂಬ ಜಂಬ ಇತ್ತು. ಬೇಲಿಯೇ ಎದ್ದು ಹೊಲ ಮೇಯ್ದಿತು.

ಆ ಅಂಕಿ ಓದಲು ಬರುವವನು ಇನ್ನೊಬ್ಬನಿದ್ದಾನೆ ಎಂಬುದು ಆ ಗಳಿಗೆಯಲ್ಲಿ ಹೊಳೆಯಲೇ ಇಲ್ಲ. ಶಾಲೆಗೆ ರಜ ಇದ್ದಾಗ ಅವನನ್ನು ವಿಂಗಡಣೆಯ ಕೋಣೆಗೆ ಕರೆದುಕೊಂಡು ಹೋಗುತ್ತಿದ್ದೆ. ಮೇಜಿನ ಮೇಲೆ ಕೂರಿಸಿ, ಸೀಲು ಓದಿ ಬೀದಿ ಹೇಳುವ ಆಟ ಆಡಿಸುತ್ತಿದ್ದೆ. ಆರು ವರ್ಷದವನು, ಒಂದೂ ತಪ್ಪುತ್ತಿರಲಿಲ್ಲ. ನನ್ನ ಜೊತೆಯವರೆಲ್ಲ ಬೆನ್ನು ತಟ್ಟುತ್ತಿದ್ದರು, ನಾನು ಹಿಗ್ಗುತ್ತಿದ್ದೆ.

ಈ ಭಾನುವಾರವೂ ಬಂದ. ಎಲ್ಲಿಗೆ ಹೋಗಿದ್ದೆ ಎಂದು ಕೇಳಿದೆ. “ನಿನ್ನ ಸಭೆ ಕಾಗದ ಎಲ್ಲಾ ನಾನು ಓದ್ತೀನಮ್ಮ. ಎಡಗೈಲಿ ಬರೆದ್ರೂ ಅಕ್ಷರ ಅಕ್ಷರವೇ. ಸೀಲು ಓದೋದು ನೀನೇ ಕಲಿಸಿದ್ದಲ್ವಾ?” ಎಂದು ನಕ್ಕ. ಮಾತ್ರೆಯ ಡಬ್ಬಿ ತೆಗೆದು ಸೋಮವಾರದ ಮನೆಯಿಂದ ತುಂಬತೊಡಗಿದ. ಅವನ ಕೈಯಿಂದ ಡಬ್ಬಿ ಕಿತ್ತುಕೊಂಡೆ. ಹೆತ್ತವರಿಗೆ ಹೆಗ್ಗಣ ಮುದ್ದು ಅನ್ನುತ್ತಾರೆ. ನನಗೆ ಅವತ್ತು ಅವನನ್ನು ನೋಡಿ ಭಯವಾಯಿತು, ಆ ಭಯ ನಿನಗೆ ದಿನಾ ಇತ್ತು ಎಂಬುದು ಹೊಸದಾಗಿ ತಿಳಿದ ಹಾಗಾಯಿತು. ಹೊಸದೇನಲ್ಲ. ನನಗೆ ಗೊತ್ತಿತ್ತು.

ಅತ್ತೆ


ಮೇ ೬

ಮಂಡಳಿಯ ಕಾರ್ಯದರ್ಶಿಗೆ,
ಪ್ರಕಟ ಮಾಡುವುದಕ್ಕಾಗಿ

ಇದು ಒಬ್ಬ ವ್ಯಕ್ತಿ ಬಳಕೆದಾರಳ ಹೇಳಿಕೆ. ಪತ್ರದ ತಲೆಯಲ್ಲಿ ನನ್ನ ಹೆಸರಿದೆ, ಮನೆ ವಿಳಾಸವಿದೆ, ಸೀಲಿರುವ ಲಕೋಟೆಯೂ ಜೊತೆಗಿದೆ. ಯಾವುದನ್ನೂ ಮುಚ್ಚಬೇಡಿ. ಪದ್ಧತಿಯಂತೆ ಇದನ್ನು ಬಂದ ಹಾಗೆಯೇ ಹಾಕಬೇಕು. ಅದಾದ ಕೂಡಲೇ ಲಕೋಟೆಯ ನಿಯಮವನ್ನು ತೆಗೆದುಹಾಕಬೇಕು, ಮಾರ್ಚ್ ಹದಿನೇಳರ ಲಕೋಟೆಯ ಚಿತ್ರವನ್ನು ಅಳಿಸಬೇಕು. ಆ ನಿಯಮ ತಂದವಳು ನಾನು. ಅದರಿಂದ ಒಬ್ಬ ತಾಯಿ ಮತ್ತು ಮಗು ಮನೆ ಬಿಟ್ಟು ಓಡಬೇಕಾಯಿತು. ಮುಂದಿನ ಸಭೆಯಿಂದ ನನ್ನ ಕುರ್ಚಿಗೆ ಬೇರೆಯವರನ್ನು ಹುಡುಕಿ.

ಇನ್ನು ಮುಂದೆ ಬರೆಯುವುದನ್ನು ಓದಬೇಕಾದವರು ಇಬ್ಬರು. ಒಬ್ಬಳ ವಿಳಾಸ ನನಗೆ ಗೊತ್ತಿಲ್ಲ, ಗೊತ್ತಾಗುವುದೂ ಬೇಡ. ಇನ್ನೊಬ್ಬ ಈ ಪುಟವನ್ನು ತಪ್ಪದೆ ಓದುತ್ತಾನೆ.

ಸುಮಾರು ಮೂರು ವರ್ಷದ ಹಿಂದೆ ಪೊಲೀಸರಿಗೆ ನಾನು, “ನಲ್ಲಿ ಹತ್ತಿರ ಇದ್ದೆ, ನೀರಿನ ಸದ್ದಿಗೆ ಏನೂ ಕೇಳಿಸಲಿಲ್ಲ” ಎಂದು ಹೇಳಿಕೆ ಕೊಟ್ಟಿದ್ದೆ. ಅದು ಸುಳ್ಳು. ನಾನು ಕೋಣೆಯ ಬಾಗಿಲಿನಿಂದ ನಾಲ್ಕು ಹೆಜ್ಜೆ ದೂರದಲ್ಲಿದ್ದೆ. ನನ್ನ ಮಗ ನನ್ನ ಸೊಸೆಯ ಬಲಗೈಯನ್ನು ಬಾಗಿಲ ಸಂದಿಯಲ್ಲಿ ಹಿಡಿದು ಬಾಗಿಲು ತಳ್ಳಿದ. ಎರಡು ಸಲ. ಎರಡನೆಯ ಸಲಕ್ಕೆ ಮೊದಲು ಅವನು ತಿರುಗಿ ನನ್ನ ಮುಖ ನೋಡಿದ. ನಾನು ಏನೂ ಹೇಳಲಿಲ್ಲ.

ನಿನ್ನೆ ಠಾಣೆಗೆ ಹೋಗಿ ಇದನ್ನೇ ಬರೆದು ಸಹಿ ಮಾಡಿ ಬಂದಿದ್ದೇನೆ. ಅವನು ಆ ಬೀದಿಗೆ ಹೋದದ್ದನ್ನೂ, ನನ್ನ ಮುಂದೆ ಆಡಿದ ಮಾತನ್ನೂ ಬರೆಸಿದ್ದೇನೆ. ಅಧಿಕಾರಿ, “ಸ್ವಂತ ಮಗ ಅಲ್ವೇನಮ್ಮ, ಯೋಚ್ನೆ ಮಾಡಿದ್ದೀರಾ?” ಎಂದು ಕೇಳಿದರು. ಯೋಚನೆ ಮಾಡಿ ಮಾಡಿಯೇ ಇಷ್ಟು ವರ್ಷ ಹೋಯಿತು ಎಂದೆ.

ಮಗನೇ, ಓದಿದೆಯಲ್ಲ. ಭಾನುವಾರ ಬರಬೇಡ. ಬಾಗಿಲು ತೆಗೆಯುವುದಿಲ್ಲ.

ಇಂತಿ,
ಒಬ್ಬ ಬಳಕೆದಾರಳು


ಜೂನ್ ೧೪

ಅತ್ತೆ,

ಇದನ್ನು ನನ್ನ ಮೊಕದ್ದಮೆಯ ವಕೀಲರ ಕೈಯಲ್ಲಿ ಕೊಡುತ್ತಿದ್ದೇನೆ. ಲಕೋಟೆಯ ಮೇಲೆ ಸೀಲಿರುವುದಿಲ್ಲ.

ನಿಯಮ ಬಿದ್ದಿದ್ದರಿಂದ ನನ್ನ ಹೊಸ ವಿಳಾಸ ಯಾವ ಪಟ್ಟಿಯಲ್ಲೂ ಕಾಣುವುದಿಲ್ಲ. ಜಾಲತಾಣದ ಹೆಸರು ನನ್ನ ಬಳಿಯೇ ಇದೆ. ಗುಂಡಿ ಅಂಗಡಿಯಾಕೆ ಹೊಲಿಗೆ ಯಂತ್ರವನ್ನು ಕಳಿಸಿಕೊಟ್ಟಳು, ಕೆಲಸ ಮತ್ತೆ ಶುರುವಾಗಿದೆ. ಇದಕ್ಕೆ ಪ್ರತಿನಿಧಿಗೆ ಧನ್ಯವಾದ ಹೇಳಬೇಕು, ಹೇಳುತ್ತೇನೆ. ನಿಮಗೆ ಏನು ಹೇಳಬೇಕೆಂದು ಇನ್ನೂ ಗೊತ್ತಾಗಿಲ್ಲ.

ಜೀರುಂಡೆ ಈಗ ಸ್ವಲ್ಪ ಸ್ವಲ್ಪ ಮಾತಾಡುತ್ತಾಳೆ. ನಿಮ್ಮನ್ನು ಕೇಳುತ್ತಾಳೆ. ಏನು ಉತ್ತರ ಕೊಡುತ್ತೇನೆ ಎಂದು ಬರೆಯುವುದಿಲ್ಲ.

ಮೊಕದ್ದಮೆಯನ್ನು ಮತ್ತೆ ತೆರೆದಿದ್ದಾರೆ. ನಿಮ್ಮ ಮಗ ನಮ್ಮ ಹತ್ತಿರ ಸುಳಿಯಬಾರದೆಂದು ಆದೇಶವಾಗಿದೆ. ವಿಚಾರಣೆ ಸೆಪ್ಟೆಂಬರಿನಲ್ಲಿ. ನೀವು ಮೊದಲ ಸಾಕ್ಷಿ ಎಂದು ವಕೀಲರು ಹೇಳಿದರು. ಅದಕ್ಕೇ ಬರೆಯುತ್ತಿದ್ದೇನೆ.

ಮಂಡಳಿಯ ಪುಟದಲ್ಲಿ ನಿಮ್ಮ ಹೇಳಿಕೆ ಓದಿದೆ. ಎರಡು ಸಲ ಎಂದು ಬರೆದಿದ್ದೀರಿ. ಎರಡಲ್ಲ ಅತ್ತೆ, ಮೂರು ಸಲ. ಮೂರನೆಯದಕ್ಕೆ ಮೊದಲು ನೀವು ಅಲ್ಲಿಂದ ಹೋದಿರಿ. ಹೋಗಿ ನಲ್ಲಿ ತಿರುಗಿಸಿದಿರಿ. ಕೊಡ ಇಟ್ಟಿರಲಿಲ್ಲ, ನೀರು ಬರೀ ಕಲ್ಲಿನ ಮೇಲೆ ಬೀಳುವ ಸದ್ದು ನನಗೆ ಕೇಳಿಸುತ್ತಿತ್ತು.

ನ್ಯಾಯಾಲಯದಲ್ಲಿ ನನ್ನ ಪರವಾಗಿ ಏನೂ ಹೇಳಬೇಡಿ. ನನ್ನ ಮಾತು ನಾನೇ ಆಡುತ್ತೇನೆ. ನೀವು ನಿಮ್ಮದನ್ನು ಪೂರ್ತಿ ಹೇಳಿ.

ಇಂತಿ,
ಜೀರುಂಡೆಯ ಅಮ್ಮ